ನಿರಾಕರಣಪತ್ರವನ್ನು ಓದುವ ಬಗೆ

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ನಮ್ಮ ಸೀಮೆಯಲ್ಲಿ, ಅಂದರೆ ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳಲ್ಲಿ, ಹತ್ತನೆಯ ತರಗತಿಯ ಹೆಣ್ಣುಮಕ್ಕಳನ್ನು ಕುರಿತು "ಮುಂದೆ ಏನಾಗಬೇಕೆಂದಿರುವಿರಿ?" ಎಂದು ಕೇಳಿದರೆ, "ಡಾಕ್ಟರಾಗಬೇಕು" ಎಂಬ ಉತ್ತರವು ಪ್ರತಿ ವರ್ಷವೂ ಕೇಳಿಬರುವುದು. ಈ ಉತ್ತರಕ್ಕೆ ಕಾರಣವಿಲ್ಲದಿಲ್ಲ. ಹೆರಿಗೆಯ ನೋವು ತಿನ್ನುತ್ತಿದ್ದ ಅಕ್ಕನನ್ನು ನಡುರಾತ್ರಿಯಲ್ಲಿ ರಾಯಚೂರಿಗೆ ಕರೆದೊಯ್ದ ನೆನಪು ಒಬ್ಬಳಿಗೆ. ವಾಂತಿಭೇದಿಯಿಂದ ತಮ್ಮನನ್ನು ಕಳೆದುಕೊಂಡ ನೆನಪು ಇನ್ನೊಬ್ಬಳಿಗೆ. ತನ್ನ ಕಾಯಿಲೆಯನ್ನು ಪುರುಷ ವೈದ್ಯರ ಮುಂದೆ ಹೇಳಲಾರದೆ ವರ್ಷಗಟ್ಟಲೆ ಬಾಧೆಪಟ್ಟ ತಾಯಿಯ ನೆನಪು ಮತ್ತೊಬ್ಬಳಿಗೆ. ಆದುದರಿಂದ ಈ ಆಶೆಯನ್ನು ಬರಿಯ ಮಕ್ಕಳ ಮಾತೆಂದು ತಳ್ಳಿಹಾಕಲಾಗದು. ಇಂಥ ಆಶೆಯನ್ನು ಹೊತ್ತು ವರ್ಷಾನುಗಟ್ಟಲೆ ಓದಿದ ಬಾಲಿಕೆಗೆ ಒಂದು ದಿನ "ನಿಮಗೆ ಸ್ಥಾನವಿಲ್ಲ" ಎಂಬ ವರ್ತಮಾನವು ಬಂದರೆ, ಅದನ್ನು ಅವಳು ಹೇಗೆ ಓದಬೇಕು, ಮನೆಯವರು ಹೇಗೆ ಓದಬೇಕು ಎಂಬುದನ್ನು ನಾವು ಯಾವ ಪಾಠದಲ್ಲಿಯೂ ಕಲಿಸುವುದಿಲ್ಲ. ಆ ಕೊರತೆಯನ್ನು ಸ್ವಲ್ಪಮಟ್ಟಿಗಾದರೂ ತುಂಬಬೇಕೆಂಬುದೇ ಈ ಲೇಖನದ ಉದ್ದೇಶವು.

ಹಲವು ವರ್ಷಗಳ ಹಿಂದೆ, ಕಾಲೇಜುಗಳು ತಾವೇ ಆಯ್ಕೆ ನಡೆಸಿ ತಾವೇ ಪತ್ರ ಬರೆಯುತ್ತಿದ್ದ ಕಾಲದಲ್ಲಿ, ಮಸ್ಕಿಯ ಹತ್ತಿರದ ಹಳ್ಳಿಯೊಂದರ ವಿದ್ಯಾರ್ಥಿನಿಗೆ ದೂರದ ಒಂದು ವೈದ್ಯಕೀಯ ಕಾಲೇಜಿನಿಂದ ಲಕೋಟೆ ಬಂದಿತು. ಪತ್ರವು ಇಂಗ್ಲಿಷಿನಲ್ಲಿತ್ತು. ಅವಳ ಹೆಸರನ್ನು ತಪ್ಪಾಗಿ ಬೆರಳಚ್ಚು ಮಾಡಿ ಗಂಡು ಹೆಸರನ್ನಾಗಿಸಿದ್ದರು. ಸಂಬೋಧನೆಯೂ ಗಂಡಸರಿಗೆ ಸಲ್ಲುವಂಥದೇ. ಕೆಳಗೆ ಎರಡೇ ಸಾಲು. ನೆಂಟರಿಷ್ಟರು ಕಟ್ಟೆಯ ಮೇಲೆ ಕುಳಿತಿದ್ದಾಗ, ಇಂಗ್ಲಿಷ್ ಬಲ್ಲ ಕಾಕಾ ಅದನ್ನು ಒಡೆದು ಓದಿ, "ನೀ ಯೋಗ್ಯಳಲ್ಲಂತ ಬರದಾರವ್ವಾ" ಎಂದು ಕನ್ನಡದಲ್ಲಿ ಹೇಳಿಬಿಟ್ಟರು. ಕಾಲೇಜಿನವರು ಬರೆದದ್ದು ಇಷ್ಟೇ: ಆ ವರ್ಷದ ಆಯ್ಕೆಯಲ್ಲಿ ಅವಳ ಹೆಸರು ಸೇರಲಿಲ್ಲ. ಕಾಕಾನ ಮನಸ್ಸಿನಲ್ಲಿ ಯಾವ ಕೆಡುಕೂ ಇರಲಿಲ್ಲ. ಅವರಿಗೆ ತೋಚಿದ ಕನ್ನಡವು ಅದಾಗಿತ್ತು. ಆದರೆ ಕಟ್ಟೆಯ ಮೇಲೆ ಕುಳಿತವರ ಕಿವಿಗೆ ಬಿದ್ದದ್ದು "ಯೋಗ್ಯಳಲ್ಲ" ಎಂಬ ಒಂದೇ ಮಾತು. ಆ ವಾರದಲ್ಲಿಯೇ ಮನೆಯಲ್ಲಿ ವರನನ್ನು ನೋಡುವ ಮಾತು ಎದ್ದಿತು. ಎರಡು ಸಾಲಿನ ಕಾಗದವೊಂದು ಒಬ್ಬ ಹೆಣ್ಣುಮಗಳ ಓದನ್ನೇ ನಿಲ್ಲಿಸುವಷ್ಟು ಬಲವುಳ್ಳದ್ದಾಯಿತು. ಅವಳ ಕಥೆಯು ಮುಂದೆ ಏನಾಯಿತೆಂಬುದನ್ನು ಕೊನೆಯಲ್ಲಿ ಹೇಳುವೆನು.

ಈಗ ಇಂಥ ಲಕೋಟೆಗಳು ನಮ್ಮ ಊರುಗಳಿಗೆ ಬರುವುದು ಅಪೂರ್ವ. ವೈದ್ಯಕೀಯ ಪ್ರವೇಶವೆಲ್ಲವೂ ನೀಟ್ ಎಂಬ ಒಂದೇ ಪರೀಕ್ಷೆಯ ಮೂಲಕ ನಡೆಯುತ್ತಿದ್ದು, ನಮ್ಮ ರಾಜ್ಯದ ಸ್ಥಾನಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಹಂಚುತ್ತದೆ. ನಿರಾಕರಣೆಯೂ ಕಂಪ್ಯೂಟರ್ ಅಂಗಡಿಯ ತೆರೆಯ ಮೇಲೆ, ಇಲ್ಲವೆ ಅಣ್ಣನ ಮೊಬೈಲಿನಲ್ಲಿ, ಸೀಟು ಹಂಚಿಕೆಯಾಗಿಲ್ಲವೆಂಬ ಒಂದು ಸಾಲಾಗಿ ಬರುತ್ತದೆ. ಅದಕ್ಕೆ ಸಹಿಯಿಲ್ಲ, ಸಂಬೋಧನೆಯಿಲ್ಲ, ಬರೆದವರಾರೆಂಬುದೂ ಇಲ್ಲ. ಹಿಂದಿನ ಪತ್ರದಲ್ಲಿ ಹೆಸರಾದರೂ ತಪ್ಪಾಗಿ ಇರುತ್ತಿತ್ತು. ಈಗ ಬರಿಯ ಅಂಕೆಯಿರುತ್ತದೆ. ಇದಕ್ಕೂ ಮೊದಲು ಅದೇ ಬಾಲಿಕೆಗೆ "ಅರ್ಹತೆ ಪಡೆದಿರುವಿರಿ" ಎಂಬ ಫಲಿತಾಂಶವು ಬಂದಿರುವುದುಂಟು. ಅರ್ಹಳೆಂದು ಹೇಳಿ ಬಳಿಕ ಇಲ್ಲವೆಂದರೆ ಮನಸ್ಸಿಗೆ ಇಮ್ಮಡಿ ಪೆಟ್ಟು ಬೀಳುವುದು ಸಹಜ.

ಆದುದರಿಂದ ಈ ಲೆಕ್ಕವನ್ನು ಮೊದಲು ತಿಳಿದುಕೊಳ್ಳೋಣ. ೨೦೨೪ರಲ್ಲಿ ನೀಟ್ ಪರೀಕ್ಷೆಗೆ ಕುಳಿತವರು ದೇಶದಲ್ಲೆಲ್ಲಾ ೨೩ ಲಕ್ಷಕ್ಕೂ ಮೇಲ್ಪಟ್ಟವರು. ಅವರಲ್ಲಿ ಅರ್ಹರೆನಿಸಿದವರು ಸುಮಾರು ೧೩ ಲಕ್ಷ. ಎಂ.ಬಿ.ಬಿ.ಎಸ್. ಸ್ಥಾನಗಳಾದರೋ ಸರಕಾರಿ ಮತ್ತು ಖಾಸಗಿ ಕಾಲೇಜುಗಳೆಲ್ಲವೂ ಸೇರಿ ಸುಮಾರು ೧ ಲಕ್ಷ ೧೦ ಸಾವಿರ. ಎಂದರೆ ಕುಳಿತ ಇಪ್ಪತ್ತು ಮಂದಿಯಲ್ಲಿ ಸ್ಥಾನ ದೊರೆತದ್ದು ಹೆಚ್ಚುಕಡಿಮೆ ಒಬ್ಬರಿಗೆ. ಅರ್ಹರೆನಿಸಿಕೊಂಡವರೊಳಗೂ ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿಗೆ "ಇಲ್ಲ" ಎಂಬ ಉತ್ತರವೇ ಕಾದಿತ್ತು. ಇಷ್ಟು ಮಂದಿಯೂ ದಡ್ಡರು, ಸೋಮಾರಿಗಳು ಎಂದು ಯಾರು ತಾನೇ ಹೇಳಬಲ್ಲರು?

ಹಂಚುವ ಕ್ರಮವೂ ಸರಳವಾದದ್ದೇ. ಯಂತ್ರವು ಮೊದಲನೆಯ ದರ್ಜೆಯವರಿಂದ ಹಿಡಿದು ಒಬ್ಬೊಬ್ಬರಂತೆ ಕೆಳಗಿಳಿಯುತ್ತಾ, ಪ್ರತಿಯೊಬ್ಬರೂ ಬರೆದುಕೊಟ್ಟ ಕಾಲೇಜುಗಳ ಪಟ್ಟಿಯನ್ನು ನೋಡಿ, ಅವರ ವರ್ಗಕ್ಕೆ ಸಲ್ಲುವ ಸ್ಥಾನವೊಂದು ಆ ಪಟ್ಟಿಯಲ್ಲಿ ಉಳಿದಿದ್ದರೆ ಕೊಡುತ್ತದೆ, ಉಳಿದಿಲ್ಲದಿದ್ದರೆ ಇಲ್ಲವೆನ್ನುತ್ತದೆ. ಅದು ಬಾಲಿಕೆಯ ಗುಣವನ್ನು ತೂಗುವುದಿಲ್ಲ, ಅವಳ ಕೈಯ ಮೃದುತ್ವವನ್ನು ಅರಿಯದು, ರೋಗಿಯ ಪಕ್ಕದಲ್ಲಿ ಎಷ್ಟು ಹೊತ್ತು ಎಚ್ಚರವಾಗಿರಬಲ್ಲಳೆಂದು ಕೇಳದು. ನಮ್ಮ ಸಿಂಧನೂರಿನ ರೈತರಿಗೆ ಈ ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ಕೊನೆಯ ಭಾಗದ ಹೊಲಕ್ಕೆ ನೀರು ತಲುಪದೆ ಹೋದಾಗ "ಈ ಮಣ್ಣು ಕೆಟ್ಟದ್ದು" ಎಂದು ಯಾರೂ ಹೇಳುವುದಿಲ್ಲ. ನೀರು ಕಡಿಮೆಯಾಯಿತು, ಮೇಲಿನವರ ಪಾಲು ಮೊದಲಾಯಿತು ಎಂದೇ ಹೇಳುತ್ತಾರೆ. ಹೊಲದ ವಿಷಯದಲ್ಲಿ ನಾವು ತೋರುವ ಈ ವಿವೇಕವನ್ನು ಮಗಳ ವಿಷಯದಲ್ಲಿಯೂ ತೋರಬೇಡವೆ?

ಇನ್ನು, ಇಂಥ ಪತ್ರಗಳು ಇಷ್ಟು ನಿರ್ದಯವಾಗಿ ಏಕಿರುತ್ತವೆ ಎಂಬ ಪ್ರಶ್ನೆಯುಂಟು. ಒಂದು ದೃಷ್ಟಾಂತವನ್ನು ಕೊಡುವೆನು. ೧೯೧೮ರಲ್ಲಿ ಡಾ. ಐಡಾ ಸ್ಕಡರ್ ಅವರು ವೆಲ್ಲೂರಿನಲ್ಲಿ ಸ್ತ್ರೀಯರಿಗಾಗಿ ವೈದ್ಯಶಾಲೆಯನ್ನು ತೆರೆದಾಗ, ಮೂವರು ಹೆಣ್ಣುಮಕ್ಕಳು ಬಂದರೂ ಹೆಚ್ಚೆಂದು ಅನೇಕರು ನುಡಿದಿದ್ದರು. ಬಂದ ಅರ್ಜಿಗಳು ನೂರೈವತ್ತಕ್ಕೂ ಹೆಚ್ಚು. ಸೇರಿಸಿಕೊಳ್ಳಲಾದದ್ದು ಇಪ್ಪತ್ತಕ್ಕಿಂತ ಕಡಿಮೆ ಮಂದಿಯನ್ನು. ಸ್ತ್ರೀಯರಿಗೆ ವೈದ್ಯವಿದ್ಯೆ ಬೇಕೆಂದು ಹಗಲಿರುಳೂ ದುಡಿದ ಆ ತಾಯಿಯೇ ನೂರಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ ಇಲ್ಲವೆಂದು ಹೇಳಬೇಕಾಯಿತು. ಆ ನೂರು ಮಂದಿಯನ್ನು ಅವರು ಕೀಳಾಗಿ ಎಣಿಸಿದ್ದರೆಂದು ಯಾರೂ ತಿಳಿಯಲಾರರು. ಕೊಠಡಿಗಳು ಸಾಲದಾಗಿದ್ದವು, ಅಷ್ಟೇ. ನೂರು ಮಂದಿಗೆ ಒಂದೇ ಮಾದರಿಯ ಪತ್ರ ಹೋಗುವಾಗ ಅದರ ಮಾತು ತಣ್ಣಗಾಗುತ್ತದೆ. ಸಾವಿರ ಮಂದಿಗೆ ಹೋಗುವಾಗ ಕಲ್ಲಾಗುತ್ತದೆ. ಲಕ್ಷ ಮಂದಿಗೆ ಹೋಗುವಾಗ ಯಂತ್ರವೇ ಬರೆಯುತ್ತದೆ. ಇದು ಸಮಾಧಾನವಲ್ಲ, ಕಾರಣ. ಕಾರಣವನ್ನು ತಿಳಿದವಳಿಗೆ ಮಾತಿನ ಮೊನೆ ತುಸು ಕಡಿಮೆ ನಾಟುವುದು.

ಹಾಗೆಂದು ನೋವು ಸುಳ್ಳೆಂದಲ್ಲ. "ಇಷ್ಟಕ್ಕೆಲ್ಲ ಅಳುವರೇ?" ಎಂದು ಮಕ್ಕಳನ್ನು ಗದರಿಸುವವರು ಒಂದು ಸಂಗತಿಯನ್ನು ತಿಳಿಯಬೇಕು. ೨೦೦೩ರಲ್ಲಿ ಅಮೆರಿಕದ ಕೆಲವು ವಿಜ್ಞಾನಿಗಳು, ಚೆಂಡಾಟವೊಂದರಿಂದ ಹೊರಗಿಡಲ್ಪಟ್ಟವರ ಮೆದುಳನ್ನು ಯಂತ್ರದಿಂದ ಪರೀಕ್ಷಿಸಿದರು. ದೇಹಕ್ಕೆ ಪೆಟ್ಟಾದಾಗ ಚುರುಕಾಗುವ ಭಾಗವೊಂದು, ತಮ್ಮನ್ನು ಬಿಟ್ಟು ಉಳಿದವರು ಆಡುತ್ತಿರುವುದನ್ನು ಕಂಡಾಗಲೂ ಚುರುಕಾಗುತ್ತಿತ್ತು. ಬರಿಯ ಆಟದ ಚೆಂಡು ಬಾರದಿದ್ದುದಕ್ಕೇ ಹೀಗಾದರೆ, ಬಾಳಿನ ಆಶೆಯೇ ಬಾರದೆ ಹೋದಾಗ ಏನಾಗಬೇಡ? ಆದುದರಿಂದ ಅಳುವುದು ಬಲಹೀನತೆಯಲ್ಲ. ಅಳುತ್ತಾ ಕುಳಿತಲ್ಲಿಯೇ ಕುಳಿತುಬಿಡುವುದು ಮಾತ್ರ ತರವಲ್ಲ.

ನಮಗಿಂತ ಮೊದಲು ಇಂಥ ಪತ್ರಗಳನ್ನು ಪಡೆದು ಬಾಳಿದವರು ಅನೇಕರಿದ್ದಾರೆ. ಅವರು ಆ ಪತ್ರಗಳನ್ನು ಹೇಗೆ ಓದಿದರೆಂಬುದೇ ನಮಗೆ ಪಾಠವು.

ಅಮೆರಿಕದಲ್ಲಿ ವೈದ್ಯ ಪದವಿಯನ್ನು ಪಡೆದ ಮೊದಲ ಸ್ತ್ರೀ ಎಲಿಜಬೆತ್ ಬ್ಲ್ಯಾಕ್‌ವೆಲ್ ಅವರಿಗೆ ಒಂದರ ಮೇಲೊಂದರಂತೆ ಹಲವಾರು ಕಾಲೇಜುಗಳು ಬಾಗಿಲು ಮುಚ್ಚಿದವು. ಪುರುಷವೇಷ ಧರಿಸಿ ಪ್ಯಾರಿಸಿಗೆ ಹೋಗಿ ಓದಬಹುದಲ್ಲವೇ ಎಂದು ಬುದ್ಧಿ ಹೇಳಿದವರೂ ಇದ್ದರು. ಕೊನೆಗೆ ೧೮೪೭ರಲ್ಲಿ ಜಿನೀವಾ ಎಂಬ ಚಿಕ್ಕ ಪಟ್ಟಣದ ಕಾಲೇಜು, ತಾನು ನಿರ್ಧರಿಸಲಾರದೆ, ಈ ವಿಷಯವನ್ನು ವಿದ್ಯಾರ್ಥಿಗಳ ಮತಕ್ಕೆ ಬಿಟ್ಟಿತು. ಆ ಹುಡುಗರು ಇದೊಂದು ತಮಾಷೆಯೆಂದು ಬಗೆದು "ಆಗಲಿ" ಎಂದರು. ೧೮೪೯ರಲ್ಲಿ ಆಕೆ ತನ್ನ ತರಗತಿಗೆ ಮೊದಲಿಗಳಾಗಿ ತೇರ್ಗಡೆಯಾದಳು. ಇಲ್ಲಿ ಗಮನಿಸತಕ್ಕದ್ದೇನೆಂದರೆ, ಅವಳನ್ನು ಬೇಡವೆಂದವರಿಗೂ ಅವಳ ಬೆಲೆ ತಿಳಿದಿರಲಿಲ್ಲ, ಬರಲೆಂದವರಿಗೂ ತಿಳಿದಿರಲಿಲ್ಲ. ಎರಡೂ ಉತ್ತರಗಳು ಅವಳನ್ನು ಅರಿಯದೆ ಕೊಟ್ಟ ಉತ್ತರಗಳೇ.

ಇನ್ನೂ ಹೆಚ್ಚಿನ ಪಾಠವು ಇಂಗ್ಲೆಂಡಿನ ಸೋಫಿಯಾ ಜೆಕ್ಸ್‌ಬ್ಲೇಕ್ ಅವರ ಚರಿತ್ರೆಯಲ್ಲಿದೆ. ೧೮೬೭ರಲ್ಲಿ ಅವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಬರೆದಾಗ, ಅಲ್ಲಿ ಸ್ತ್ರೀಯರ ಶಿಕ್ಷಣಕ್ಕೆ ಯಾವ ವಿಭಾಗದಲ್ಲಿಯೂ ಏರ್ಪಾಡಿಲ್ಲವೆಂಬ ಉತ್ತರ ಬಂದಿತು. ೧೮೬೯ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಹಾಕಿದರು. ಒಬ್ಬಳೇ ಮಹಿಳೆಗೋಸ್ಕರ ಪ್ರತ್ಯೇಕ ಏರ್ಪಾಡು ಮಾಡಲಾಗದೆಂದು ಅಲ್ಲಿಯ ಆಡಳಿತಸಭೆಯವರು ಉತ್ತರ ಕೊಟ್ಟರು. ಈ ಉತ್ತರದಲ್ಲಿ ಉಪೇಕ್ಷೆಯೂ ಇತ್ತು, ಕಾರಣವೂ ಇತ್ತು. ಆಕೆ ಉಪೇಕ್ಷೆಯನ್ನು ಬಿಟ್ಟು ಕಾರಣವನ್ನು ಹಿಡಿದಳು. ಒಬ್ಬಳೆಂಬುದೇ ಅಡ್ಡಿಯಾದರೆ ಹಲವರಾಗಿ ಬರೋಣವೆಂದು ಪತ್ರಿಕೆಯ ಮೂಲಕ ಕರೆಕೊಟ್ಟಳು. ಹೀಗೆ ಸೇರಿದವರು ಏಳು ಮಂದಿ. ಅದೇ ವರ್ಷ ವಿಶ್ವವಿದ್ಯಾನಿಲಯವು ಅವರನ್ನು ಸೇರಿಸಿಕೊಂಡಿತು. ಹಾರ್ವರ್ಡಿನ ಉತ್ತರದಲ್ಲಿ ಹಿಡಿಯಲು ಏನೂ ಇರಲಿಲ್ಲ, ಆದುದರಿಂದ ಅದನ್ನು ಬದಿಗಿಟ್ಟಳು. ಎಡಿನ್‌ಬರೋದ ಉತ್ತರದಲ್ಲಿ ಒಂದು ಹಿಡಿಯಿತ್ತು, ಅದನ್ನು ಬಿಡಲಿಲ್ಲ.

ಅವರ ದಾರಿ ಅಲ್ಲಿಂದಾಚೆಗೂ ಸುಗಮವಾಗಲಿಲ್ಲ. ೧೮೭೦ರಲ್ಲಿ ಪರೀಕ್ಷೆಗೆ ಹೋಗುತ್ತಿದ್ದ ಅವರ ಮೇಲೆ ಜನರ ಗುಂಪು ಕೆಸರೆರಚಿತು. ಕೊನೆಗೆ ಆ ವಿಶ್ವವಿದ್ಯಾನಿಲಯವು ಅವರಿಗೆ ಪದವಿಯನ್ನೇ ಕೊಡಲಿಲ್ಲ. ಜೆಕ್ಸ್‌ಬ್ಲೇಕ್ ೧೮೭೪ರಲ್ಲಿ ಲಂಡನ್ನಿನಲ್ಲಿ ಸ್ತ್ರೀಯರ ವೈದ್ಯಶಾಲೆಯೊಂದನ್ನು ಕಟ್ಟಲು ಮುಂದಾಗಿ, ತಮ್ಮ ಪದವಿಯನ್ನು ೧೮೭೭ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಪಡೆದರು. ಆ ಏಳು ಮಂದಿಯಲ್ಲಿ ಒಬ್ಬರಾದ ಈಡಿತ್ ಪೀಚಿ ಅವರು ೧೮೮೩ರಲ್ಲಿ ಮುಂಬಯಿಗೆ ಬಂದು, ಹೆಣ್ಣುಮಕ್ಕಳಿಗಾಗಿ ಕಟ್ಟಿದ ಕಾಮಾ ಆಸ್ಪತ್ರೆಯ ಮುಖ್ಯ ವೈದ್ಯೆಯಾಗಿ ದುಡಿದರು. ಎಡಿನ್‌ಬರೋದಲ್ಲಿ ಕೆಸರು ಎರಚಿಸಿಕೊಂಡವರ ಕೈಯಿಂದ ನಮ್ಮ ದೇಶದ ತಾಯಂದಿರು ಔಷಧ ಪಡೆದರು. ೨೦೧೯ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯವು ಆ ಏಳು ಮಂದಿಗೂ ಮರಣೋತ್ತರವಾಗಿ ಗೌರವ ಪದವಿಗಳನ್ನು ಕೊಟ್ಟಿತು. ಇಲ್ಲವೆಂದ ಮನೆಯೇ ನೂರೈವತ್ತು ವರ್ಷಗಳ ಬಳಿಕ ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡಿತು.

ನಮ್ಮ ನೆರೆಯ ಮಹಾರಾಷ್ಟ್ರದ ಆನಂದೀಬಾಯಿ ಜೋಶಿಯವರ ಚರಿತ್ರೆಯೂ ಇಂಥದೇ. ೧೮೮೦ರಲ್ಲಿ ಅವರ ಗಂಡ ಗೋಪಾಲರಾಯರು ಹೆಂಡತಿಯ ಓದಿಗೆ ನೆರವು ಬೇಡಿ ಅಮೆರಿಕದ ಮಿಶನರಿ ವೈಲ್ಡರ್ ಎಂಬವರಿಗೆ ಪತ್ರ ಬರೆದರು. ಮತಾಂತರವಾದರೆ ನೆರವಿನ ಮಾತು ಎಂಬ ಧಾಟಿಯಲ್ಲಿ ಉತ್ತರ ಬಂದಿತು; ಪತ್ರವೂ ಉತ್ತರವೂ ಒಂದು ಪತ್ರಿಕೆಯಲ್ಲಿ ಅಚ್ಚಾದವು. ಮಿಶನ್ ಶಾಲೆಯ ಈ ಸಂಚಿಕೆಯಲ್ಲಿ ಇದನ್ನು ಮರೆಮಾಚದೆ ಹೇಳುವುದೇ ನ್ಯಾಯವು. ಆದರೆ ಆ ಪತ್ರಿಕೆಯನ್ನು ನ್ಯೂಜೆರ್ಸಿಯ ಕಾರ್ಪೆಂಟರ್ ಎಂಬ ಮಹಿಳೆ ದಂತವೈದ್ಯರ ಕೊಠಡಿಯಲ್ಲಿ ಕಾಯುತ್ತಿರುವಾಗ ಓದಿ, ಮರುಗಿ, ಅಕ್ಕರೆಯಿಂದ ತಾವೇ ಪತ್ರ ಬರೆದರು. ಅವರ ಆಸರೆಯಿಂದ ಆನಂದೀಬಾಯಿಯವರು ೧೮೮೩ರಲ್ಲಿ ಕಡಲು ದಾಟಿ ೧೮೮೬ರಲ್ಲಿ ವೈದ್ಯ ಪದವಿಯನ್ನು ಪಡೆದರು. ಮರುವರ್ಷವೇ, ಇಪ್ಪತ್ತೊಂದರ ಹರೆಯದಲ್ಲಿ, ಕ್ಷಯದಿಂದ ತೀರಿಕೊಂಡರೆಂಬುದು ದುಃಖದ ಸಂಗತಿ. ಆದರೂ ಒಬ್ಬರು ಇಲ್ಲವೆಂದ ಪತ್ರವೇ ಇನ್ನೊಬ್ಬರ ಕೈ ಸೇರಿ ದಾರಿಯಾದದ್ದು ಮರೆಯತಕ್ಕದ್ದಲ್ಲ.

ದೂರದ ಮಾತು ಸಾಕು. ನಮ್ಮ ನೆಲಕ್ಕೆ ಬರೋಣ. ೧೯೪೮ರವರೆಗೆ ಈ ಸೀಮೆಯು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದಿತು. ಆ ರಾಜಧಾನಿಯ ವೈದ್ಯಶಾಲೆಯನ್ನು ೧೮೮೫ರಲ್ಲಿಯೇ ಸೇರಿದ ರೂಪಾಬಾಯಿ ಫರ್ದೂನ್‌ಜಿಯವರು ೧೮೮೯ರಲ್ಲಿ ಪದವಿ ಪಡೆದು, ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಕ್ಲೋರೋಫಾರ್ಮ್ ಕೊಡುವ ವಿದ್ಯೆಯಲ್ಲಿ ಹೆಸರಾದರು. ಆದರೆ ಲಿಂಗಸುಗೂರಿನ ಹೆಣ್ಣುಮಗಳಿಗೆ ಆಗ ಹೈದರಾಬಾದು ಕಣ್ಣಿಗೆ ಕಾಣದಷ್ಟು ದೂರ. ಕಲಬುರಗಿಯಲ್ಲಿ ವೈದ್ಯಕೀಯ ಕಾಲೇಜು ಆದದ್ದು ೧೯೬೩ರಲ್ಲಿ. ರಾಯಚೂರಿನಲ್ಲಿ ಸರಕಾರದ ವೈದ್ಯವಿಜ್ಞಾನ ಸಂಸ್ಥೆ ಆದದ್ದು ೨೦೦೭ರಲ್ಲಿ. ಅಂದರೆ ನಮ್ಮ ಅಜ್ಜಿಯಂದಿರಿಗೆ ನಿರಾಕರಣಪತ್ರವನ್ನು ಪಡೆಯುವ ಭಾಗ್ಯವೂ ಇರಲಿಲ್ಲ. ಅರ್ಜಿಯನ್ನು ಎಲ್ಲಿಗೆ ಕಳುಹಬೇಕೆಂಬುದೇ ಅವರಿಗೆ ತಿಳಿದಿರಲಿಲ್ಲ. ಇಂದು ಇಲ್ಲವೆನಿಸಿಕೊಂಡ ಬಾಲಿಕೆಯು ಆ ಬಾಗಿಲ ತನಕ ನಡೆದುಹೋದವಳು.

ಇನ್ನು ಮಾಡತಕ್ಕದ್ದೇನೆಂಬುದನ್ನು ಕ್ರಮವಾಗಿ ಹೇಳುವೆನು.

ಮೊದಲನೆಯದಾಗಿ, ಉತ್ತರವನ್ನು ಹತ್ತು ಮಂದಿಯ ನಡುವೆ ಒಡೆಯಕೂಡದು. ಯಾರ ಹೆಸರಿಗೆ ಬಂದಿದೆಯೋ ಅವಳೇ, ತಾನು ನಂಬಿದ ಒಬ್ಬರೊಡನೆ ಕುಳಿತು, ಓದತಕ್ಕದ್ದು. ಆ ದಿನ ಯಾರಿಗೂ ಪ್ರತ್ಯುತ್ತರ ಬರೆಯಬಾರದು. ಓದು ಬಿಡುವೆನೆಂದಾಗಲಿ, ಮದುವೆಗೆ ಒಪ್ಪುವೆನೆಂದಾಗಲಿ ಮಾತು ಕೊಡಬಾರದು. ಮನಸ್ಸಿನಲ್ಲಿರುವುದನ್ನು ತನಗಾಗಿಯೇ ಬರೆದಿಡಬಹುದು. ಅಮೆರಿಕದ ಪೆನೆಬೇಕರ್ ಎಂಬ ಮನಶ್ಶಾಸ್ತ್ರಜ್ಞರು ೧೯೮೬ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಮ್ಮ ದುಃಖವನ್ನು ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷದಂತೆ ಬರೆದ ವಿದ್ಯಾರ್ಥಿಗಳು, ಬರೆದ ಕೂಡಲೆ ಹೆಚ್ಚು ಖಿನ್ನರಾದರೂ, ಮುಂದಿನ ತಿಂಗಳುಗಳಲ್ಲಿ ಉಳಿದವರಿಗಿಂತ ಕಡಿಮೆ ಸಲ ವೈದ್ಯರ ಬಳಿಗೆ ಹೋದದ್ದು ಕಂಡುಬಂದಿತು. ಬರೆದದ್ದನ್ನು ಯಾರಿಗೂ ತೋರಿಸಬೇಕಾಗಿಲ್ಲ.

ಎರಡನೆಯದಾಗಿ, ಎರಡು ಮೂರು ದಿನಗಳ ಬಳಿಕ ಆ ಉತ್ತರವನ್ನು ಮತ್ತೆ ತೆಗೆದು, ಒಂದು ಹಾಳೆಯಲ್ಲಿ ಗೆರೆ ಎಳೆದು, ಒಂದು ಬದಿಗೆ ಅದು ನಿಜವಾಗಿ ಹೇಳಿದ್ದೇನೆಂದೂ ಇನ್ನೊಂದು ಬದಿಗೆ ತನಗೆ ಅನಿಸಿದ್ದೇನೆಂದೂ ಬರೆಯತಕ್ಕದ್ದು. "ಈ ಸುತ್ತಿನಲ್ಲಿ ಸೀಟು ಹಂಚಿಕೆಯಾಗಿಲ್ಲ" ಎಂಬುದು ಮೊದಲ ಬದಿಗೆ. "ನಾನು ಯಾವುದಕ್ಕೂ ಬಾರದವಳು" ಎಂಬುದು ಎರಡನೆಯ ಬದಿಗೆ. ಎರಡನೆಯ ಬದಿಯಲ್ಲಿರುವ ಒಂದು ಮಾತಾದರೂ ಆ ಉತ್ತರದಲ್ಲಿ ಇದೆಯೇ ಎಂದು ಹುಡುಕಿ ನೋಡಲಿ. ಹಟ್ಟಿಯ ಗಣಿಯಲ್ಲಿ ಒಂದು ಟನ್ನು ಕಲ್ಲನ್ನು ಪುಡಿಮಾಡಿದರೆ ದೊರೆಯುವ ಚಿನ್ನ ಕೆಲವೇ ಗ್ರಾಂ. ಹಾಗೆಯೇ ನಿರ್ದಯವಾದ ಉತ್ತರದಲ್ಲಿಯೂ ಪ್ರಯೋಜನದ ಮಾತು ಒಂದೆರಡಿರಬಹುದು. ಅದನ್ನು ಆರಿಸಿಕೊಂಡು ಉಳಿದದ್ದನ್ನು ಬಿಡತಕ್ಕದ್ದು.

ಮೂರನೆಯದಾಗಿ, ಲೆಕ್ಕದಲ್ಲಿ ತಪ್ಪಾಗಿದೆಯೇ ಎಂದು ನೋಡತಕ್ಕದ್ದು. ಎಷ್ಟೋ ವೇಳೆ ಅಂಕಗಳ ಕೊರತೆಗಿಂತ ಕಾಗದಗಳ ಕೊರತೆಯೇ ಅಡ್ಡಿಯಾಗಿರುತ್ತದೆ. ಸಂವಿಧಾನದ ೩೭೧(ಜೆ) ವಿಧಿಯ ಮೇರೆಗೆ ೨೦೧೩ರಿಂದ ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಈ ಭಾಗದ ಸಂಸ್ಥೆಗಳಲ್ಲಿ ನೂರಕ್ಕೆ ೭೦, ರಾಜ್ಯದ ಉಳಿದ ಭಾಗದ ಸಂಸ್ಥೆಗಳಲ್ಲಿ ನೂರಕ್ಕೆ ೮ ಸ್ಥಾನಗಳ ಮೀಸಲಾತಿಯುಂಟು. ಆದರೆ ಇದಕ್ಕೆ ಬೇಕಾದ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿಗಳ ಕಚೇರಿಯಿಂದ ಮುಂಚಿತವಾಗಿ ಪಡೆದಿರಬೇಕು. ಗ್ರಾಮೀಣ ಭಾಗದಲ್ಲಿ ಓದಿದವರಿಗೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಪ್ರತ್ಯೇಕ ಮೀಸಲಾತಿಗಳುಂಟು; ಅದಕ್ಕೆ ಒಂದರಿಂದ ಹತ್ತನೆಯ ತರಗತಿಯ ವರೆಗಿನ ದಾಖಲೆ ಬೇಕು. ಇವೆಲ್ಲವೂ ಸರಿಯಾಗಿ ದಾಖಲಾಗಿದ್ದವೇ? ಕಾಲೇಜುಗಳ ಪಟ್ಟಿಯಲ್ಲಿ ನಾಲ್ಕೈದನ್ನೇ ಬರೆದು ನಿಲ್ಲಿಸಿದ್ದಾಯಿತೇ? ಮುಂದಿನ ಸುತ್ತು ಉಳಿದಿದೆಯೇ? ತಪ್ಪು ಕಂಡುಬಂದರೆ, ಸಿಟ್ಟಿನ ಮಾತಿಲ್ಲದೆ, ತಾರೀಖು ಹಾಕಿ, ಬರವಣಿಗೆಯಲ್ಲಿ ಮನವಿ ಕೊಟ್ಟು, ಅದರ ಪ್ರತಿಯನ್ನು ತನ್ನ ಬಳಿ ಇಟ್ಟುಕೊಳ್ಳಬೇಕು. ನಿಯಮಗಳು ಬದಲಾಗುತ್ತಿರುವುದರಿಂದ ಆಯಾ ವರ್ಷದ ಕೈಪಿಡಿಯನ್ನೇ ನೋಡತಕ್ಕದ್ದು. ಪಕ್ಕದ ಮನೆಯವರ ಮಾತನ್ನಲ್ಲ.

ನಾಲ್ಕನೆಯದಾಗಿ, ಉತ್ತರ ಬಂದ ಮರುದಿನದಿಂದಲೇ "ಸೀಟು ಕೊಡಿಸುತ್ತೇವೆ" ಎಂದು ಫೋನು ಮಾಡುವ ದಲ್ಲಾಳಿಗಳ ವಿಷಯದಲ್ಲಿ ಎಚ್ಚರವಾಗಿರಬೇಕು. ಪೆಟ್ಟುತಿಂದ ಮನಸ್ಸು ಯಾವ ಮಾತನ್ನಾದರೂ ನಂಬುತ್ತದೆಂದು ಅವರು ಬಲ್ಲರು. ಹೊಲ ಮಾರಿ ಮುಂಗಡ ಕೊಡುವ ಮೊದಲು, ಆ ಸ್ಥಾನವು ಪ್ರಾಧಿಕಾರದ ಹಂಚಿಕೆಯ ಮೂಲಕವೇ ಬರುವುದೇ ಎಂದು ಕೇಳಬೇಕು. ಅಲ್ಲವೆಂದರೆ ಅಲ್ಲಿಗೇ ಮಾತು ಮುಗಿಸಬೇಕು.

ಐದನೆಯದಾಗಿ, ಮತ್ತೊಮ್ಮೆ ಯತ್ನಿಸುವುದೋ ಬೇರೆ ದಾರಿ ಹಿಡಿಯುವುದೋ ಎಂಬುದನ್ನು ತಣ್ಣನೆಯ ಮನಸ್ಸಿನಿಂದ ನಿರ್ಧರಿಸತಕ್ಕದ್ದು. ನೀಟ್ ಪರೀಕ್ಷೆಗಿದ್ದ ಗರಿಷ್ಠ ವಯಸ್ಸಿನ ಮಿತಿಯನ್ನು ೨೦೨೨ರಲ್ಲಿ ತೆಗೆದುಹಾಕಲಾಗಿದೆ. ಆದುದರಿಂದ "ವಯಸ್ಸು ಮೀರಿತು" ಎಂದು ಹೆದರಿಸುವವರ ಮಾತಿಗೆ ಬೆದರಬೇಕಾಗಿಲ್ಲ. ಅಂಕಗಳು ಸ್ಥಾನಕ್ಕೆ ಸಮೀಪವಾಗಿದ್ದರೆ, ಮನೆಯವರಿಗೆ ಶಕ್ತಿಯಿದ್ದರೆ, ಇನ್ನೊಂದು ವರ್ಷ ಓದುವುದು ಯೋಗ್ಯವೇ ಸರಿ. ಎಷ್ಟು ವರ್ಷ, ಎಷ್ಟು ಖರ್ಚು ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡರೆ ಉತ್ತಮ. ಅಂಕಗಳು ಬಹು ದೂರವಿದ್ದರೆ, ಶುಶ್ರೂಷೆ, ಔಷಧಶಾಸ್ತ್ರ, ಆಯುರ್ವೇದ, ಅಂಗಮರ್ದನ ಚಿಕಿತ್ಸೆ, ಪ್ರಯೋಗಶಾಲೆಯ ವಿದ್ಯೆ ಮೊದಲಾದವುಗಳಿಂದಲೂ ರೋಗಿಗಳ ಸೇವೆ ನಡೆಯುತ್ತದೆ. ಕಲಕತ್ತೆಯ ವೈದ್ಯ ಕಾಲೇಜಿನಲ್ಲಿ ಹೆಣ್ಣೆಂಬ ಕಾರಣದಿಂದ ಪ್ರವೇಶ ದೊರೆಯದೆ ೧೮೮೨ರಲ್ಲಿ ಮದ್ರಾಸಿಗೆ ಬಂದು ವೈದ್ಯವಿದ್ಯೆಯನ್ನು ಓದಿದ ಅಬಲಾ ದಾಸ್ ಅವರು, ದೇಹಸ್ವಾಸ್ಥ್ಯ ಕೆಟ್ಟು ಓದನ್ನು ಮುಗಿಸಲಾರದೆ ಹಿಂದಿರುಗಿದರು. ಮುಂದೆ ವಿಜ್ಞಾನಿ ಜಗದೀಶಚಂದ್ರ ಬೋಸರ ಪತ್ನಿಯಾಗಿ, ೧೯೧೯ರಲ್ಲಿ ನಾರೀ ಶಿಕ್ಷಾ ಸಮಿತಿಯನ್ನು ಕಟ್ಟಿ, ಬಂಗಾಳದ ಹಳ್ಳಿಗಳ ಹೆಣ್ಣುಮಕ್ಕಳಿಗೂ ವಿಧವೆಯರಿಗೂ ವಿದ್ಯೆಯ ದಾರಿ ತೆರೆದರು. ಅವರು ವೈದ್ಯರಾಗಲಿಲ್ಲ, ಅವರ ಬಾಳು ವ್ಯರ್ಥವಾಯಿತೆಂದು ಯಾರೂ ಹೇಳಲಾರರು.

ಆರನೆಯದಾಗಿ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಬದುಕೇ ಬೇಡವೆಂಬ ಯೋಚನೆಯು ಮನಸ್ಸಿನಲ್ಲಿ ಸುಳಿದರೆ ಅದನ್ನು ಒಂದು ಗಳಿಗೆಯೂ ಒಬ್ಬಳೇ ಹೊತ್ತುಕೊಂಡಿರಬಾರದು. ತಾಯಿಗೆ, ಅಕ್ಕನಿಗೆ, ಉಪಾಧ್ಯಾಯಿನಿಗೆ, ಗೆಳತಿಗೆ, ಯಾರು ಹತ್ತಿರವಿರುವರೋ ಅವರಿಗೆ ಹೇಳಬೇಕು. ಮನೆಯಲ್ಲಿ ಹೇಳಲಾಗದಿದ್ದರೆ ಸರಕಾರವು ೨೦೨೨ರಲ್ಲಿ ಆರಂಭಿಸಿದ ಟೆಲಿಮಾನಸ್ ಸೇವೆಗೆ ೧೪೪೧೬ ಸಂಖ್ಯೆಯಲ್ಲಿ ಹಗಲಾಗಲಿ ರಾತ್ರಿಯಾಗಲಿ ಫೋನು ಮಾಡಬಹುದು. ಕನ್ನಡದಲ್ಲಿಯೇ ಮಾತನಾಡುತ್ತಾರೆ, ಹಣ ಕೊಡಬೇಕಾಗಿಲ್ಲ. ಸೀಟು ಮುಂದಿನ ವರ್ಷವೂ ಇರುತ್ತದೆ, ಮಗಳು ಇರಬೇಕು.

ತಂದೆತಾಯಿಗಳಿಗೂ ಒಂದು ಮಾತು. ಉತ್ತರ ಬಂದ ಸಂಜೆ ಮಗಳಿಗೆ ನೀವಾಡುವ ಮೊದಲ ಮಾತು ಅವಳಿಗೆ ಬಹುಕಾಲ ನೆನಪಿರುವುದು. "ಊಟ ಮಾಡವ್ವಾ, ನಾಳೆ ನೋಡೋಣ" ಎಂಬಷ್ಟು ಸಾಕು. ಸೋದರತ್ತೆಯ ಮಗನಿಗೆ ಬಂದ ಅಂಕಗಳ ವಿಚಾರ ಆ ಸಂಜೆಗೆ ಬೇಡ. ಮದುವೆಯ ಮಾತನ್ನಂತೂ ಸೋಲಿನ ಶಿಕ್ಷೆಯೆಂಬಂತೆ ಎತ್ತಬೇಡಿರಿ.

ನಮ್ಮ ಶಾಲೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಮುಂದೆ ಇಲ್ಲವೆಂದು ಬರೆಯುವ ಕುರ್ಚಿಯಲ್ಲಿಯೂ ಕುಳಿತಾರು. ಅವರು ನಾಲ್ಕು ಸಂಗತಿಗಳನ್ನು ಮರೆಯದಿರಲಿ. ಹೆಸರನ್ನು ಸರಿಯಾಗಿ ಬರೆಯಿರಿ. ನಿರ್ಣಯವನ್ನು ಮೊದಲ ಸಾಲಿನಲ್ಲಿಯೇ ಹೇಳಿರಿ. ಕೊನೆಯ ತನಕ ಆಶೆ ತೋರಿಸಬೇಡಿರಿ. ಅರ್ಜಿದಾರಳು ಅಯೋಗ್ಯಳೆನ್ನದೆ, ಸ್ಥಾನವಿಲ್ಲವೆಂದು ಬರೆಯಿರಿ. ಮುಂದೆ ಏನು ಮಾಡಬಹುದು, ಯಾರನ್ನು ಕೇಳಬಹುದೆಂಬುದನ್ನು ಒಂದು ಸಾಲಿನಲ್ಲಿ ತಿಳಿಸಿರಿ. ಇದಕ್ಕೆ ಖರ್ಚಾಗುವುದು ಅರ್ಧ ಹಾಳೆ.

ಮೊದಲು ಹೇಳಿದ ಆ ಬಾಲಿಕೆಯ ವಿಷಯಕ್ಕೆ ಬರುವೆನು. ತಾಯಿ ಗಟ್ಟಿಯಾಗಿ ನಿಂತುದರಿಂದ ಮದುವೆಯ ಮಾತು ಮುಂದಕ್ಕೆ ಹೋಯಿತು. ಮರುವರ್ಷ ಅವಳು ಶುಶ್ರೂಷಾ ವಿದ್ಯೆಗೆ ಸೇರಿ, ಬಳಿಕ ಸರಕಾರಿ ದವಾಖಾನೆಯ ಹೆರಿಗೆ ವಿಭಾಗದಲ್ಲಿ ಕೆಲಸಕ್ಕೆ ನಿಂತಳು. ಆ ಕಾಗದವನ್ನು ಅವಳು ಹರಿದಿರಲಿಲ್ಲ. ಒಮ್ಮೆ ಅದನ್ನು ನನಗೆ ತೋರಿಸಿ ನಗುತ್ತಾ ಹೀಗೆಂದಳು: "ಅಕ್ಕಾವರೇ, ಇದನ್ನ ಬರೆದವರಿಗೆ ನಾ ಹುಡುಗಿ ಅನ್ನೋದೂ ಗೊತ್ತಿರಲಿಲ್ಲರೀ. ನನ್ನ ಬಗ್ಗೆ ಅವರಿಗೆ ಏನ್ ಗೊತ್ತಿತ್ತಂತ ನಾ ಅಷ್ಟು ಅತ್ತೆನೋ!"

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಗುತ್ತದೆ. ಅಲ್ಲಿಯ ಗುಡ್ಡದ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯು ಕೆತ್ತಿಸಿದ ಶಾಸನವೊಂದಿದೆ. ೧೯೧೫ರಲ್ಲಿ ಬೀಡನ್ ಎಂಬ ಗಣಿಯ ಎಂಜಿನಿಯರರು ಅದನ್ನು ಕಂಡುಹಿಡಿದರು. ಅದರಲ್ಲಿ ಅಶೋಕನ ಹೆಸರೇ ಇರುವುದರಿಂದ ಅದು ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಆದರೆ ಅದರಲ್ಲಿ ಹೇಳಿದ ವಿಷಯವನ್ನು ಅರಿತವರು ಕಡಿಮೆ. ಧರ್ಮದಲ್ಲಿ ನಿಷ್ಠೆಯಿದ್ದರೆ ಸಾಮಾನ್ಯನಾದವನೂ ಆ ಉನ್ನತವಾದ ಗುರಿಯನ್ನು ಸೇರಬಲ್ಲನು, ಅದು ದೊಡ್ಡವರಿಗೆ ಮಾತ್ರ ಸಲ್ಲತಕ್ಕದ್ದೆಂದು ಎಣಿಸಬಾರದು ಎಂಬುದು ಅದರ ತಾತ್ಪರ್ಯ. ಎರಡು ಸಾವಿರ ವರ್ಷಗಳಿಗೂ ಹಿಂದೆ ಒಬ್ಬ ಚಕ್ರವರ್ತಿಯು ನಮ್ಮ ನೆಲದ ಜನರಿಗೆ ಕಳುಹಿಸಿದ ಈ ಸಂದೇಶವನ್ನು ಕಲ್ಲಿನ ಮೇಲೆ ಕೆತ್ತಲಾಗಿದೆ. ನಿಮಗೆ ಬಂದ ನಿರಾಕರಣೆಯಾದರೋ ಕಾಗದದ ಮೇಲೆ, ಇಲ್ಲವೆ ತೆರೆಯ ಮೇಲೆ. ಪ್ರಿಯ ಸೋದರಿಯರೇ, ಮುಂದಿನ ಸಲ ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗ ಆ ಗುಡ್ಡದ ಕಡೆಗೊಮ್ಮೆ ನೋಡಿರಿ.